ಅಜ್ಜಿಯ ಹತ್ತನೇ ತರಗತಿ

ಮಕ್ಕಳೇ, 1976ರಲ್ಲಿ ನಾನು ಬೆಂಗಳೂರಿನಲ್ಲಿ ಹಗಲು ಬ್ಯಾಂಕ್ ಗುಮಾಸ್ತ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿ. ರಾತ್ರಿ ಹತ್ತಕ್ಕೆ ಮನೆ ಸೇರಿದರೆ ನನ್ನಾಕೆ ಸಾರು ಬಿಸಿ ಮಾಡಿ ಬಡಿಸುತ್ತಿದ್ದಳು. 7ನೇ ತರಗತಿಗೇ ಶಾಲೆ ಬಿಟ್ಟವಳು ಒಮ್ಮೆ, "ನಾನೂ ಓದಲಾ?" ಎಂದಳು. "ಈಗ್ಯಾಕೆ?" ಎಂದು ನಕ್ಕುಬಿಟ್ಟೆ. ಮತ್ತೆ ಕೇಳಲಿಲ್ಲ.

ಹೋದ ವರ್ಷ ಮೊಮ್ಮಗಳು ರಾಷ್ಟ್ರೀಯ ಮುಕ್ತ ಶಾಲೆಯ ವಿಷಯ ಹೇಳಿದಳು. 10ನೇ ತರಗತಿಗೆ ವಯಸ್ಸಿನ ಮೇಲ್ಮಿತಿಯಿಲ್ಲ. ಐದು ವರ್ಷದಲ್ಲಿ 9 ಅವಕಾಶ, ಒಂದೊಂದೇ ವಿಷಯ ಪಾಸು ಮಾಡಬಹುದು. ಅಜ್ಜಿ ಸೇರಿಯೇಬಿಟ್ಟಳು.

ಕನ್ನಡ ಪಾಸಾಯಿತು. ಈಗ ಗಣಿತ. ಸಾರು ಬಿಸಿ ಮಾಡುವವನು ನಾನು. ಮೊನ್ನೆ ಬಡ್ಡಿ ಲೆಕ್ಕ ಹೇಳಿಕೊಡಲು ಕೂತರೆ, "ಐವತ್ತು ವರ್ಷ ತಡವಾಯಿತಲ್ಲ, ಅದಕ್ಕೆ ಬಡ್ಡಿ ಎಷ್ಟು, ಹೇಳಿ?" ಎಂದಳು. ಬ್ಯಾಂಕಿನವನಿಗೆ ಉತ್ತರ ಹೊಳೆಯಲಿಲ್ಲ.

ನಿಮ್ಮ ಅಜ್ಜಿಯನ್ನೂ ಒಮ್ಮೆ ಕೇಳಿ ನೋಡಿ.