ಸಮುದ್ರ ಕಾಣದ ಕಿಟಕಿ

ಮುಂಬಯಿ ನೋಡಲು ಹೊರಟವರನ್ನು "ಎಲ್ಲಿ ಉಳಿದುಕೊಳ್ಳುತ್ತೀರಿ?" ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಗೇಟ್‌ವೇ ಹತ್ತಿರ." ನೋಡಬೇಕಾದದ್ದೆಲ್ಲ ಅಲ್ಲೇ ಇದೆಯಲ್ಲ! ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿ, 1924ರಲ್ಲಿ ಮುಗಿಸಿದ ಗೇಟ್‌ವೇ ಆಫ್ ಇಂಡಿಯಾ ನೀರಿನ ಅಂಚಿಗೇ ನಿಂತಿದೆ. ಸ್ವಾತಂತ್ರ್ಯ ಬಂದ ಮೇಲೆ, 1948ರ ಫೆಬ್ರವರಿಯಲ್ಲಿ, ಬ್ರಿಟಿಷರ ಕೊನೆಯ ಸೈನಿಕರ ತಂಡ ಹೊರಟುಹೋದದ್ದೂ ಇದೇ ಕಮಾನಿನ ಕೆಳಗಿಂದ. ಅಲ್ಲಿಂದ ಸ್ವಲ್ಪ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಅದರ ಎದುರಿಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಪಕ್ಕದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ. ಒಂದು ದಿನವಿಡೀ ನೋಡಿದರೂ ಮುಗಿಯದಷ್ಟು ಒಂದೇ ಮೂಲೆಯಲ್ಲಿ ಸೇರಿಕೊಂಡಿದೆ.

ಆದರೂ ನಾವು ಅಲ್ಲಿ ಉಳಿಯಲಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಈಚೆಗೆ, ಮಾಟುಂಗದಲ್ಲಿ ಕೋಣೆ ಹಿಡಿದೆವು. ಏಕೆ ಎಂದು ಹೇಳುವುದಕ್ಕೇ ಈ ಬರಹ. ಅಜ್ಜ ಅಜ್ಜಿಯರನ್ನು ಜೊತೆಗೆ ಕರೆದುಕೊಂಡು ಊರು ನೋಡಲು ಹೊರಡುವ ಮಕ್ಕಳಿಗೆ ಉಪಯೋಗವಾದೀತು.

ನಾವು ನಾಲ್ವರು. ನಾನು ನಿವೃತ್ತ ಮೇಷ್ಟ್ರು. ಏಳನೇ ತರಗತಿಯ ಮೊಮ್ಮಗ, ಮೂರನೇ ತರಗತಿಯ ಮೊಮ್ಮಗಳು, ಮತ್ತು ಅವರ ಅಜ್ಜಿ. ಅಜ್ಜಿಗೆ ಹಿಂದಿನ ವರ್ಷವಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಪ್ರಯಾಣದ ಮಾತು ಬಂದಾಗಲೆಲ್ಲ ಅವಳದು ಒಂದೇ ಮಾತು: "ನೀವು ಮೂರು ಜನ ಹೋಗಿ ಬನ್ನಿ. ನಾನು ಬಂದರೆ ನಿಮಗೆ ಕಾಲಿಗೆ ಕಟ್ಟಿದ ಕಲ್ಲು." ಈ ಮಾತನ್ನು ಅವಳು ನಗುತ್ತಾ ಹೇಳುತ್ತಿದ್ದಳು. ಆದರೆ ಒಮ್ಮೆ ಮನೆಯಲ್ಲೇ ಉಳಿದರೆ ಮುಂದೆ ಯಾವತ್ತೂ ಹೊರಡಲಿಕ್ಕಿಲ್ಲ ಎಂದು ನನಗೆ ಒಳಗೊಳಗೇ ಭಯ. ಆದ್ದರಿಂದ ಯಾವ ಹೋಟೆಲ್ ಎನ್ನುವುದು ನಮಗೆ ಬರೀ ದುಡ್ಡಿನ ಪ್ರಶ್ನೆಯಾಗಿರಲಿಲ್ಲ.

ಮೊಮ್ಮಗನಿಗೆ ಸಮುದ್ರ ಕಾಣುವ ಕಿಟಕಿಯೇ ಬೇಕು. ಅವನ ವಾದದಲ್ಲಿ ಹುರುಳಿತ್ತು. "ಹತ್ತಿರ ಇದ್ದರೆ ಅಜ್ಜಿಗೆ ಸುಸ್ತಾದಾಗ ಕೋಣೆಗೆ ಬಂದು ಮಲಗಬಹುದಲ್ಲ?" ಎಂದ. ಒಂದು ಕಾಗದ ಮಡಚಿ ಎರಡು ಪಾಲು ಮಾಡಿದೆವು. ಒಂದು ಕಡೆ ಗೇಟ್‌ವೇ, ಇನ್ನೊಂದು ಕಡೆ ಮಾಟುಂಗ. ಗೇಟ್‌ವೇ ಪಾಲಿನಲ್ಲಿ 'ಹತ್ತಿರ', 'ಸಮುದ್ರ' ಎಂದು ಅವನೇ ಬರೆದ. ಅದರ ಕೆಳಗೆ ನಾನು ಬರೆದದ್ದು: ಕ್ರಿಸ್ಮಸ್ ರಜೆಯ ಜನಜಂಗುಳಿ, ರಾತ್ರಿಯ ಸದ್ದು, ನಮ್ಮ ಕೈಗೆ ಹತ್ತದ ಬಾಡಿಗೆ. ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು: "ನಾವು ದೋಣಿಯಲ್ಲಿ ಹೋದ ದಿವಸ ಅಜ್ಜಿ ಏನು ಮಾಡ್ತಾರೆ?"

ಎಲಿಫೆಂಟಾ ಗುಹೆಗಳಿಗೆ ಹೋಗುವ ದೋಣಿ ಗೇಟ್‌ವೇಯಿಂದಲೇ ಹೊರಡುತ್ತದೆ. ದ್ವೀಪದಲ್ಲಿ ಇಳಿದ ಮೇಲೆ ಗುಹೆಗೆ ಸುಮಾರು 120 ಮೆಟ್ಟಿಲು. ಅಜ್ಜಿಗೆ ಅದು ಆಗದ ಕೆಲಸ. ಆ ದಿನ ಅವಳು ಒಬ್ಬಳೇ ಇರಬೇಕು. ಪ್ರವಾಸಿಗರಿಂದ ತುಂಬಿದ ಬೀದಿಯಲ್ಲಿ, ಕೆಳಗಿಳಿದರೆ ಕೂರಲು ಜಾಗವಿಲ್ಲದ ಕಡೆ, ಕೋಣೆಯೊಳಗೆ ಟಿ.ವಿ. ನೋಡುತ್ತಾ ಕುಳಿತಿರಬೇಕೇ? ಆ ಪ್ರಶ್ನೆಯಿಂದಲೇ ಕಾಗದದ ತಕ್ಕಡಿ ಮಾಟುಂಗದ ಕಡೆ ವಾಲಿತು.

ಹಾಗೆಂದು ದೂರದ ಯಾವುದಾದರೂ ಲಾಡ್ಜ್ ಆದೀತೆಂದಲ್ಲ. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮಕ್ಕಳೇ ಬರೆದುಕೊಂಡರು. ಲಿಫ್ಟ್ ನೆಲದಿಂದಲೇ ಶುರುವೇ, ಅಥವಾ ಲಿಫ್ಟಿಗೆ ಹೋಗಲು ಮೆಟ್ಟಿಲು ಹತ್ತಬೇಕೇ? ಹಳೆಯ ಕಟ್ಟಡಗಳಲ್ಲಿ ಇದನ್ನು ಕೇಳಲೇಬೇಕು. ಕಮೋಡ್ ಇದೆಯೇ? ಕಿಟಕಿ ರಸ್ತೆಗೋ ಹಿತ್ತಿಲಿಗೋ? ಬೆಳಿಗ್ಗೆ ಏಳು ಗಂಟೆಗೇ ಬಂದರೆ ಕೋಣೆ ಕೊಡುತ್ತೀರಾ? ಉಡುಪಿಯಲ್ಲಿ ಮಧ್ಯಾಹ್ನದ ಮೇಲೆ ಮತ್ಸ್ಯಗಂಧಾ ರೈಲು ಹತ್ತಿದವರು ಮರುದಿನ ಬೆಳಕು ಹರಿಯುವ ಹೊತ್ತಿಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಹನ್ನೆರಡು ಗಂಟೆಗಷ್ಟೇ ಕೋಣೆ ಎಂದರೆ ಅಲ್ಲಿಯವರೆಗೆ ಪೆಟ್ಟಿಗೆಗಳ ಮೇಲೆ ಕೂರುವುದೇ? ಮೂರು ಕಡೆ ವಿಚಾರಿಸಿ, ನಾಲ್ಕನೆಯದನ್ನು ಒಪ್ಪಿಕೊಂಡೆವು.

ಮಾಟುಂಗ ನಮ್ಮ ಕಡೆಯವರಿಗೆ ಹೊಸ ಊರಲ್ಲ. ಮೈಸೂರು ಅಸೋಸಿಯೇಶನ್ ಇರುವುದು ಇಲ್ಲಿಯ ಭಾವು ದಾಜಿ ರಸ್ತೆಯಲ್ಲಿ. ರೈಲು ನಿಲ್ದಾಣದ ಹತ್ತಿರವೇ ಎ. ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಮಕ್ಕಳಿಗೆ ಇಲ್ಲೊಂದು ತಮಾಷೆ ಸಿಕ್ಕಿತು. ಪುಸ್ತಕದಲ್ಲಿ ಹೋಟೆಲ್ ಎಂದರೆ ಮಲಗುವ ಜಾಗ, ನಮ್ಮ ಬಾಯಲ್ಲಿ ಹೋಟೆಲ್ ಎಂದರೆ ತಿಂಡಿಯ ಜಾಗ, ಇಲ್ಲಿ 'ಬೋರ್ಡಿಂಗ್' ಎಂದರೆ ಊಟದ ಜಾಗ! ಆ ಬೋರ್ಡಿಂಗ್ ಮಹಡಿಯ ಮೇಲಿದೆ. ಅಜ್ಜಿ ದಿನಕ್ಕೆ ಒಂದೇ ಸಲ ಎಂದು ಕೈಗಂಬಿ ಹಿಡಿದು ಹತ್ತಿದಳು. ಬಾಳೆಲೆಯ ಮುಂದೆ ಕುಳಿತ ಮೇಲೆ ಮೊಣಕಾಲಿನ ಸುದ್ದಿ ತೆಗೆಯಲಿಲ್ಲ.

ಮೊದಲ ದಿನ ಎಲ್ಲರೂ ವಸ್ತು ಸಂಗ್ರಹಾಲಯಕ್ಕೆ ಹೊರಟೆವು. ಮುಂಬಯಿಯ ಲೋಕಲ್ ರೈಲು ಬೆಳಿಗ್ಗೆ ಕಚೇರಿಯ ಹೊತ್ತಿನಲ್ಲಿ ಮಕ್ಕಳು, ಮುದುಕರು ಹತ್ತುವಂಥದ್ದಲ್ಲ. ಹನ್ನೊಂದರ ಮೇಲೆ ಹೊರಟರೆ ಉಸಿರಾಡಲು ಜಾಗ ಸಿಗುತ್ತದೆ. ಮಾಟುಂಗ ನಿಲ್ದಾಣವನ್ನು 2017ರಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಿದ್ದರು. ಅದನ್ನು ಕೇಳಿ ಮೊಮ್ಮಗಳಿಗೆ ಬಹಳ ಹೆಮ್ಮೆ. ಅಲ್ಲಿಂದ ದಾದರ್, ಪರೇಲ್, ಕರಿ ರೋಡ್, ಚಿಂಚ್‌ಪೋಕ್ಳಿ, ಬೈಕುಲಾ, ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್. ಎಂಟನೆಯದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಮಕ್ಕಳು ಬೆರಳು ಮಡಚಿ ಎಣಿಸಿದರು. ಅದು ಹಳಿಗಳ ಕೊನೆ. ಅಲ್ಲಿ ಸೇತುವೆ ಹತ್ತದೆ ನೇರ ನಡೆದು ರಸ್ತೆಗೆ ಬರಬಹುದು. ಮುಂದೆ ಟ್ಯಾಕ್ಸಿ. ಈ ಭಾಗದಲ್ಲಿ ಆಟೊ ಹುಡುಕಬೇಡಿ. ಬಾಂದ್ರಾ, ಸಯನ್ ಕಡೆಗೇ ಅವುಗಳ ಓಟ ಮುಗಿಯುತ್ತದೆ.

ವಸ್ತು ಸಂಗ್ರಹಾಲಯದ ಅಡಿಗಲ್ಲು ಬಿದ್ದದ್ದು 1905ರಲ್ಲಿ, ಬಾಗಿಲು ತೆರೆದದ್ದು 1922ರಲ್ಲಿ. ಗೇಟ್‌ವೇ ನಕ್ಷೆ ಬರೆದ ಜಾರ್ಜ್ ವಿಟೆಟ್ ಅವರೇ ಇದಕ್ಕೂ ನಕ್ಷೆ ಬರೆದವರು. ನಡುವಿನ ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಒಂದನ್ನೊಂದು ಹಾಯ್ದುಹೋಗುವ ಕಮಾನುಗಳು ಕಾಣುತ್ತವೆ. ಅವಕ್ಕೆ ನಮ್ಮ ವಿಜಯಪುರದ ಗೋಳಗುಮ್ಮಟವೇ ಮಾದರಿ. ಅಜ್ಜಿ ಬೆಂಚಿನ ಮೇಲೆ ಕುಳಿತು ಅದನ್ನೇ ಬಹಳ ಹೊತ್ತು ನೋಡಿದಳು. ಮೂರು ಗಂಟೆಗೆ ನಾವು ಹಿಂದಿರುಗಿದೆವು. ರೈಲು ಟರ್ಮಿನಸ್‌ನಿಂದಲೇ ಹೊರಡುವುದರಿಂದ, ಸಂಜೆಯ ನೂಕುನುಗ್ಗಲಿಗೆ ಮೊದಲು ನಾಲ್ವರಿಗೂ ಕೂರಲು ಜಾಗ ಸಿಕ್ಕಿತು.

ಎರಡನೇ ದಿನ ದೋಣಿಯ ಸರದಿ. ನಾವು ಮೂವರು ಬೆಳಿಗ್ಗೆ ಬೇಗ ಟ್ಯಾಕ್ಸಿ ಹಿಡಿದೆವು. ಹತ್ತಿರ ಉಳಿದವರಿಗೆ ಈ ಖರ್ಚು ಇರುವುದಿಲ್ಲ ಎನ್ನುವುದನ್ನೂ ಹೇಳಬೇಕು. ಸುಮಾರು ಒಂದು ತಾಸು ನೀರಿನ ಮೇಲೆ. ಮೊಮ್ಮಗನಿಗೆ ಕಿಟಕಿಯಲ್ಲಿ ಸಿಗದ ಸಮುದ್ರ ಬೊಗಸೆ ತುಂಬ ಸಿಕ್ಕಿತು. ಗುಹೆಯೊಳಗೆ ಸುಮಾರು 20 ಅಡಿ ಎತ್ತರದ, ಮೂರು ಮುಖದ ಶಿವನ ಎದುರು ಇಬ್ಬರೂ ಮಾತು ನಿಲ್ಲಿಸಿದರು. ಮೊಮ್ಮಗಳು ಮೆಲ್ಲಗೆ, "ಅಜ್ಜಿಗೆ ತೋರಿಸಬೇಕಿತ್ತು" ಎಂದಳು.

ಸಂಜೆ ಬಂದಾಗ ಅಜ್ಜಿ ಕೋಣೆಯಲ್ಲಿರಲಿಲ್ಲ. ನನ್ನ ಎದೆ ಒಂದು ಕ್ಷಣ ಧಸಕ್ಕೆಂದಿತು. ಹೊರಗೆ ಬಂದು ನೋಡಿದರೆ, ಕಿಂಗ್ಸ್ ಸರ್ಕಲ್‌ನ ಉದ್ಯಾನದ ಬೆಂಚಿನಲ್ಲಿ ತಲೆ ತುಂಬ ಮಲ್ಲಿಗೆ ಮುಡಿದು ಕುಳಿತಿದ್ದಾಳೆ! ಪಕ್ಕದಲ್ಲಿ ಕುಂದಾಪುರದ ಕಡೆಯ ಒಬ್ಬರು. ಅವರು ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾಯಿತಂತೆ. ಬೆಳಿಗ್ಗೆ ಅಜ್ಜಿ ಒಬ್ಬಳೇ ಕೆಳಗಿಳಿದು ಕಾಫಿ ಕುಡಿದಿದ್ದಳು, ಗಲ್ಲೆಯಲ್ಲಿದ್ದವರ ಹತ್ತಿರ ತುಳುವಿನಲ್ಲಿ ಮಾತಾಡಿದ್ದಳು, ಹೂವಿನ ಸಾಲಿನಲ್ಲಿ ಚೌಕಾಶಿ ಮಾಡಿದ್ದಳು, ದೇವಸ್ಥಾನಕ್ಕೂ ಹೋಗಿದ್ದಳು. ಮಧ್ಯಾಹ್ನ ಬಂದು ಮಲಗಿ ಎದ್ದು ಮತ್ತೆ ಹೊರಟಿದ್ದಳು. "ನಿಮ್ಮ ಗುಹೆ ಹೇಗಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ದಿನದ ಕತೆ ಶುರುಮಾಡಿದಳು.

ಮೂರನೇ ದಿನ ಬೈಕುಲಾ, ಮಕ್ಕಳು ಎಣಿಸಿದ ಐದನೇ ನಿಲ್ದಾಣ. ಆ ದಿನ ಅಜ್ಜಿಗಾಗಿ ಮಾಟುಂಗದಿಂದಲೇ ಟ್ಯಾಕ್ಸಿ ಮಾಡಿದೆವು. ಅಲ್ಲಿಯ ಹಳೆಯ ವಿಕ್ಟೋರಿಯಾ ಉದ್ಯಾನದ ಪಕ್ಕ ಡಾ. ಭಾವು ದಾಜಿ ಲಾಡ್ ವಸ್ತು ಸಂಗ್ರಹಾಲಯವಿದೆ. 1872ರಲ್ಲಿ ತೆರೆದ ಇದು ಮುಂಬಯಿಯ ಅತ್ಯಂತ ಹಳೆಯ ವಸ್ತು ಸಂಗ್ರಹಾಲಯ. "ನಮ್ಮ ರಸ್ತೆಯ ಹೆಸರು!" ಎಂದು ಮೊಮ್ಮಗ ಕೂಗಿದ. ಹೌದು, ಮಾಟುಂಗದ ರಸ್ತೆಗೂ ಆ ವೈದ್ಯರದೇ ಹೆಸರು. ಹೊರಗೆ ತೋಟದಲ್ಲಿ ದೊಡ್ಡದೊಂದು ಕಲ್ಲಿನ ಆನೆ ನಿಂತಿದೆ. ಘಾರಾಪುರಿ ದ್ವೀಪದಲ್ಲಿದ್ದ ಈ ಆನೆಯನ್ನು ಕಂಡೇ ಪೋರ್ಚುಗೀಸರು ದ್ವೀಪವನ್ನು ಎಲಿಫೆಂಟಾ ಎಂದು ಕರೆದದ್ದು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಒಡೆಯಿತು. ಚೂರುಗಳನ್ನು ಇಲ್ಲಿಗೆ ತಂದು ಮತ್ತೆ ಜೋಡಿಸಿದರು. ಮೊಮ್ಮಗಳು ಅಜ್ಜಿಯ ಕೈಹಿಡಿದು ಆನೆಯ ಮುಂದೆ ನಿಲ್ಲಿಸಿದಳು. "ದ್ವೀಪದ ಆನೆ ನಿಮ್ಮನ್ನು ನೋಡಲು ಇಲ್ಲಿಗೇ ಬಂದಿದೆ ಅಜ್ಜಿ, ಒಂದು ಮೆಟ್ಟಿಲೂ ಬೇಡ" ಎಂದಳು. ಅಜ್ಜಿ ಆನೆಯ ಜೋಡಿಸಿದ ಕಾಲನ್ನು ನೋಡಿ, "ಇದಕ್ಕೂ ಆಪರೇಶನ್ ಆಗಿದೆ" ಎಂದು ನಕ್ಕಳು.

ಸಂಜೆ ಗೇಟ್‌ವೇಯಲ್ಲಿ ದೀಪ ಹತ್ತುವುದನ್ನು ನಾವು ನೋಡಲಿಲ್ಲ. ಸಮುದ್ರದ ಕಿಟಕಿಯ ಆಸೆ ಮೊಮ್ಮಗನಿಗೆ ಇನ್ನೂ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ದೊಡ್ಡವನಾಗಿ ಸಂಪಾದಿಸಿ ಅಲ್ಲಿ ಉಳಿಯಲಿ.

ಮಕ್ಕಳೇ, ನಿಮ್ಮ ಮನೆಯಲ್ಲಿ ಮುಂದಿನ ಪ್ರವಾಸದ ಮಾತು ಬಂದಾಗ ನೀವೂ ಒಂದು ಕಾಗದ ಮಡಚಿ. ನೋಡುವ ಜಾಗಗಳ ಪಟ್ಟಿ ಮಾಡುವ ಮೊದಲು, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು ಎಂದು ಬರೆಯಿರಿ. ಒಂದು ದಿನ ಅವರು ಹಿಂದೆ ಉಳಿದರೆ ಹೋಟೆಲಿನ ಬಾಗಿಲಾಚೆ ಅವರಿಗೆ ಕಾಫಿ, ನೆರಳು, ಬೆಂಚು, ಎರಡು ಮಾತು ಸಿಕ್ಕೀತೇ ಎಂದು ವಿಚಾರಿಸಿ. ನಮ್ಮ ಮನೆಯ ಅಜ್ಜಿ ಈಗ ಹಂಪಿಯ ದಾರಿ ಕೇಳುತ್ತಿದ್ದಾಳೆ. ಹೊಸಪೇಟೆಯಲ್ಲಿ ಉಳಿಯುವುದೋ ಹಂಪಿಯಲ್ಲೋ ಎಂಬ ಕಾಗದ ಆಗಲೇ ಮಡಚಿಯಾಗಿದೆ.