ಭಾವನ ಜಾವಾ, ಅಕ್ಕನ ಫ್ರೀಜರ್

ಕೋಥ್ರೂಡ್, ಪುಣೆ
ಜುಲೈ 2025

ಅಣ್ಣ,

ಅತ್ತಿಗೆ ಕಳಿಸಿದ ಚಟ್ನಿಪುಡಿ, ಕೋಡುಬಳೆ ಅಕ್ಕನ ಕೈ ಸೇರಿದವು. ರಸಬಾಳೆ ಹುಬ್ಬಳ್ಳಿ ದಾಟುವ ಹೊತ್ತಿಗೆ ಬೋಗಿಗೆಲ್ಲ ವಾಸನೆ ಹಬ್ಬಿಸಿಬಿಟ್ಟಿತು. ಎದುರು ಸೀಟಿನ ಮಕ್ಕಳಿಗೆ ಹಂಚಿದೆ, ಅತ್ತಿಗೆಗೆ ಹೇಳಬೇಡ.

ಪುಣೆಯಲ್ಲಿ ಏನೇನು ನೋಡಿದೆ ಅಂತ ಫೋನಿನಲ್ಲಿ ಕೇಳಿದೆಯಲ್ಲ, ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಶನಿವಾರವಾಡೆಯನ್ನು ಆಟೋದಲ್ಲಿ ಕೂತೇ ನೋಡಿದ್ದು. ದಗಡೂ ಶೇಟ್ ಗಣಪತಿಗೆ ರಸ್ತೆಯಿಂದಲೇ ಕೈಮುಗಿದದ್ದು. ಉಳಿದಂತೆ ನಾನು ಕಂಡ ಪುಣೆ ಅಂದರೆ ಭಾವನ ಅಪಾರ್ಟ್‌ಮೆಂಟಿನ ಪಾರ್ಕಿಂಗ್, ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳು, ಭೋಸರಿಯ ಒಂದು ಲೇತ್ ಶೆಡ್ಡು. ಭಾವ ತಮ್ಮ 1966ರ ಜಾವಾದ ಗೇರ್‌ಬಾಕ್ಸ್ ಬಿಚ್ಚಿ ಕೂತಿದ್ದಾರೆ. ಬಂದ ಮಾರನೆಯ ದಿನವೇ ನನ್ನ ಕೈಗೂ ಸೀಮೆಎಣ್ಣೆ ಡಬ್ಬ, ಹಳೇ ಟೂತ್‌ಬ್ರಷ್ಷು ಕೊಟ್ಟರು.

ಗಾಡಿಗೆ ಇದ್ದ ಕಾಯಿಲೆ ನಿನಗೆ ಗೊತ್ತಿರುವುದೇ. ಏರು ಹತ್ತುವಾಗ ಎರಡನೇ ಗೇರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು. ಅಪ್ಪನ ಯೆಜ್ಡಿಯೂ ಚಾಮುಂಡಿ ಬೆಟ್ಟದಲ್ಲಿ ಹೀಗೇ ಮಾಡುತ್ತಿರಲಿಲ್ಲವೇ? ಅಪ್ಪ ಎಡಗಾಲಲ್ಲಿ ಲಿವರ್ ಒತ್ತಿಹಿಡಿದೇ ಮೇಲಿನ ತನಕ ಓಡಿಸುತ್ತಿದ್ದರು. ಹಾಗೆ ಒತ್ತಿ ಒತ್ತಿಯೇ ಒಳಗೆ ಗೇರು ಸರಿಸುವ ಫೋರ್ಕ್ ಸವೆಯುತ್ತದೆ ಅಂತ ಭಾವ ಈಗ ಹೇಳುತ್ತಾರೆ. ಅಪ್ಪನಿಗೆ ಆಗ ಹೇಳುವವರು ಯಾರಿದ್ದರು!

ಗೇರ್‌ಬಾಕ್ಸ್ ಬಿಚ್ಚುವ ವಿಷಯದಲ್ಲಿ ಬುಲೆಟ್ಟಿನವರಿಗೆ ಸುಖ. ಹಳೇ ಬುಲೆಟ್ಟಿನ ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡ ಬೇರೆಯೇ ಪೆಟ್ಟಿಗೆ. ಜಾವಾದಲ್ಲಿ ಎಂಜಿನ್ನು, ಗೇರು ಎರಡೂ ಒಂದೇ ಕ್ರ್ಯಾಂಕ್‌ಕೇಸಿನೊಳಗೆ. ಅದು ಹಲಸಿನ ತೊಳೆಯ ಬೀಜದ ಹಾಗೆ ನಡುವೆ ಉದ್ದಕ್ಕೆ ಎರಡು ಹೋಳಾಗುತ್ತದೆ. ಸಣ್ಣದೊಂದು ಗೇರ್ ಚಕ್ರ ನೋಡಬೇಕೆಂದರೂ ಎಂಜಿನ್ ಫ್ರೇಮಿನಿಂದ ಇಳಿಸಬೇಕು, ಹೆಡ್ಡು, ಬ್ಲಾಕು, ಪಿಸ್ಟನ್ನು, ಕ್ಲಚ್ಚು, ಪ್ರೈಮರಿ ಚೈನು ಎಲ್ಲ ಬಿಚ್ಚಬೇಕು. ಹೋಳು ಬಿಡದಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವವರಿದ್ದಾರಂತೆ. ಅಲ್ಯೂಮಿನಿಯಂ ಅಂಚಿಗೆ ಒಂದು ಗೀರು ಬಿದ್ದರೆ ಸಾಕು, ಯಾವ ಪ್ಯಾಕಿಂಗ್ ಹಾಕಿದರೂ ಆಯಿಲ್ ಸೋರುವುದು ನಿಲ್ಲುವುದಿಲ್ಲ. ಭಾವ ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟುತ್ತಾ, ನಡುನಡುವೆ ಚಹಾ ಕುಡಿಯುತ್ತಾ, ಅರ್ಧ ಮಧ್ಯಾಹ್ನ ಕಳೆದರು. ಕೊನೆಗೆ ಅದಾಗಿಯೇ ಬಿಟ್ಟುಕೊಂಡಿತು.

ಬೋಲ್ಟುಗಳಿಗೆ ಅವರು ಮಾಡಿದ ಉಪಾಯ ನೀನೂ ಕಲಿಯಬೇಕು. ಹಳೇ ರಟ್ಟಿನ ಮೇಲೆ ಕ್ರ್ಯಾಂಕ್‌ಕೇಸಿನ ಆಕಾರ ಬರೆದು, ಎಲ್ಲಿ ಬಿಚ್ಚಿದರೋ ಅಲ್ಲೇ ತೂತು ಮಾಡಿ ಬೋಲ್ಟು ಚುಚ್ಚಿಡುತ್ತಾರೆ. ಉದ್ದದ್ದು ಗಿಡ್ಡದ್ದರ ಜಾಗಕ್ಕೆ ಹೋಗುವ ಮಾತೇ ಇಲ್ಲ. ವಾಷರ್, ಸರ್ಕ್ಲಿಪ್, ಶಿಮ್ಮುಗಳನ್ನು ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿ ಮೊಳೆಗೆ ನೇತುಹಾಕಿದ್ದಾರೆ. ಮೇಲಿನ ಮನೆಯ ಅಜ್ಜಿ ನೋಡಿ ಯಾವ ಪೂಜೆಗೆ ಅಂತ ಮರಾಠಿಯಲ್ಲಿ ಕೇಳಿದರು.

ಒಳಗೆ ನೋಡಿದರೆ ಮೇನ್ ಶಾಫ್ಟು, ಲೇ ಶಾಫ್ಟು, ಅವುಗಳ ಮೇಲೆ ನಾಲ್ಕು ಜೋಡಿ ಚಕ್ರ, ಅಷ್ಟೇ. ಪಕ್ಕಪಕ್ಕದ ಚಕ್ರಗಳು ಒಂದನ್ನೊಂದು ಕಚ್ಚಿ ಹಿಡಿಯುವ ದಪ್ಪ ಹಲ್ಲಿಗೆ ಡಾಗ್ ಅನ್ನುತ್ತಾರೆ. ಎರಡನೇ ಗೇರಿನ ಡಾಗುಗಳ ಮೂಲೆ ಸವೆದು ಗುಂಡಗಾಗಿತ್ತು. ಭಾರ ಬಿದ್ದಾಗ ಜಾರಿ ಹೊರಬರುವುದು ಅದಕ್ಕೇ. ಅರದಿಂದ ಉಜ್ಜಿ ಮೂಲೆ ಚೂಪು ಮಾಡಬಾರದೇ ಅಂದೆ. ಆ ಉಕ್ಕಿನ ಗಟ್ಟಿತನವೆಲ್ಲ ಮೇಲಿನ ತೆಳು ಪದರದಲ್ಲೇ ಇರುತ್ತದಂತೆ. ಉಜ್ಜಿದರೆ ಆ ಪದರವೇ ಹೋಗಿ ಮೆತ್ತಗಿನ ಉಕ್ಕು ಉಳಿಯುತ್ತದೆ, ಸ್ವಲ್ಪ ದಿನದಲ್ಲೇ ಮತ್ತೆ ಅದೇ ಕಥೆ.

ಹಾಗಾಗಿ ನಾನಾ ಪೇಠೆಗೆ ಹೋದೆವು. ಇಡೀ ಪೇಠೆಯೇ ಗಾಡಿಗಳ ಬಿಡಿಭಾಗದ ಸಂತೆ. ಒಂದು ಅಂಗಡಿಯಲ್ಲಿ ವೆಲ್ಡಿಂಗ್ ತುಂಬಿ ಗ್ರೈಂಡ್ ಮಾಡಿದ ಗೇರು ತೋರಿಸಿ, ಹೊಸದಕ್ಕಿಂತ ಚೆನ್ನಾಗಿದೆ ಸಾಹೇಬ್ ಅಂದರು. ಭಾವ ಬೆರಳು ಆಡಿಸಿ ನೋಡಿ ವಾಪಸ್ಸು ಇಟ್ಟರು. ಇನ್ನೊಂದು ಕಡೆ ಮಾಳಿಗೆ ಹತ್ತಿದ ಹುಡುಗ ಗ್ರೀಸ್ ಕಾಗದದ ಪೊಟ್ಟಣ ತಂದ. ಅದರ ಮೇಲೆ ಐಡಿಯಲ್ ಜಾವಾ, ಮೈಸೂರು ಅಂತ ಅಚ್ಚು! ಪುಣೆಯ ಅಟ್ಟದ ಮೇಲೆ ನಮ್ಮೂರ ಹೆಸರು. ಅಂಗಡಿಯಾತ ಹೇಳಿದ ಬೆಲೆಗೆ ಭಾವ ಮರುಮಾತಾಡಲಿಲ್ಲ. ಜೋಡಿ ಚಕ್ರ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು, ಹೊಸದರ ಜತೆ ಹಳೇದು ಓಡಿದರೆ ಎರಡೂ ಹಾಳು, ಅಂತ ಎರಡೂ ತೆಗೆದುಕೊಂಡರು.

ಅಲ್ಲಿಂದ ಬರುತ್ತಾ ಫರ್ಗ್ಯುಸನ್ ಕಾಲೇಜ್ ರಸ್ತೆಯ ಗುಡ್‌ಲಕ್ ಕೆಫೆಯಲ್ಲಿ ಬನ್ ಮಸ್ಕಾ ತಿಂದೆವು. 1935ರ ಇರಾನಿ ಹೋಟೆಲು. ಇರಾನಿಗಳು ಪುಣೆಗೆ ಬಂದು ಹೋಟೆಲು, ಬೇಕರಿ ತೆರೆದರು. ಮೈಸೂರಿಗೆ ಬಂದ ಇರಾನಿಗಳು ಮೋಟಾರ್‌ಸೈಕಲ್ ಕಾರ್ಖಾನೆ ತೆರೆದರು. ರುಸ್ತುಂ ಇರಾನಿ, ಫರ್ರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಝೆಕೊಸ್ಲೊವಾಕಿಯಾದ ಜಾವಾದವರಿಂದ ಪರವಾನಗಿ ಪಡೆದು, ಯಾದವಗಿರಿಯಲ್ಲಿ ಮರುವರ್ಷವೇ ತಯಾರಿಕೆ ಶುರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟನೆ ಮಾಡಿದರು. 1973ರಿಂದ ಗಾಡಿಯ ಹೆಸರು ಯೆಜ್ಡಿ. 1996ರಲ್ಲಿ ಬಾಗಿಲು ಹಾಕಿತು. ಮುಂದಿನದ್ದು ನಿನಗೇ ಗೊತ್ತು, ನಿನ್ನ ಜತೆ ಓದಿದವರ ಅಪ್ಪಂದಿರು ಎಷ್ಟು ಜನ ಅಲ್ಲಿದ್ದರು.

2018ರಲ್ಲಿ ಜಾವಾ ಮತ್ತೆ ಬಂತಲ್ಲ, ಅದರ ಮೊದಲ ಷೋರೂಮುಗಳು ತೆರೆದದ್ದು ಈ ಪುಣೆಯಲ್ಲೇ. ನೋಡಲು ಲಕ್ಷಣವಾಗಿದೆ. ಆದರೆ ಆಗ ಬಂದದ್ದು 293 ಸಿಸಿಯ ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಎಂಜಿನ್ನು. ಎರಡು ಸೈಲೆನ್ಸರಿನಿಂದ ಆ ಹಳೇ ಸದ್ದು ಬರುವುದಿಲ್ಲ, ಪೇಪರ್ ಹಾಸಿಕೊಂಡು ಬಿಚ್ಚಿ ಕೂರುವ ಗಾಡಿಯೂ ಅದಲ್ಲ.

ಭಾವನ ಗಾಡಿಯ ಕಿಕ್ಕರ್ ಶಾಫ್ಟಿನ ಬುಶ್ ಕೂಡ ಸವೆದು ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಜಾವಾದಲ್ಲಿ ಒಂದೇ ಲಿವರ್ ಗೇರೂ ಹೌದು, ಕಿಕ್ಕರೂ ಹೌದು. ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ಅದರ ಶಾಫ್ಟು ಬಡಪಾಯಿ ಎರಡು ಸಂಸಾರ ತೂಗುತ್ತದೆ. ಹೊಸ ಗನ್‌ಮೆಟಲ್ ಬುಶ್ ಮಾಡಿಸಲು ಭೋಸರಿಗೆ ಹೋದೆವು. ಅಲ್ಲಿನ ಲೇತಿನ ಮೇಲೆ ಕಿರ್ಲೋಸ್ಕರ್, ಹರಿಹರ ಎಂಬ ಫಲಕ! ಆ ಕಾರ್ಖಾನೆಯೂ ಮುಚ್ಚಿತು, ಲೇತ್ ಮಾತ್ರ ಇನ್ನೂ ಕೂದಲೆಳೆ ಅಳತೆಗೆ ಕಡೆಯುತ್ತಿದೆ.

ನಾನು ಬಂದ ಅಜ್ಮೀರ್ ರೈಲಿನ ದಾರಿ ಆಗ ನೆನಪಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ನಗರಸಭೆಗೆ ಅವರ ಜಾಗ ಬೇಕಾಯಿತು, ಏಳಿಸಿದರು. ಔಂಧದ ರಾಜರು ಕೊಟ್ಟ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಹರಿಹರ, ಬೆಳಗಾವಿ, ಕಿರ್ಲೋಸ್ಕರವಾಡಿ, ಪುಣೆ, ಎಲ್ಲ ಒಂದೇ ಹಳಿಯ ಮೇಲಿವೆ. ಬರುವಾಗ ನಾನು ಮೊದಲ ಮೂರು ನಿಲ್ದಾಣಗಳಲ್ಲೂ ನಿದ್ದೆಯಲ್ಲಿದ್ದೆ, ಹೋಗುವಾಗ ನೋಡಬೇಕು.

ಇನ್ನು ಅಕ್ಕನ ಸಮಾಚಾರ. ಬೇರಿಂಗುಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಕೇಸಿನ ಗೂಡು ಸಡಿಲವಾಗುತ್ತದೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದಲ್ಲ, ಅದನ್ನೇ ಬಳಸಿಕೊಳ್ಳಬೇಕು. ಬೇರಿಂಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿ, ಹಸಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟಿದ್ದರು. ಬೆಳಿಗ್ಗೆ ಕೇಸಿನ ಹೋಳನ್ನು ಹೋಳಿಗೆ ಹಂಚಿನ ಮೇಲಿಟ್ಟು ಸಣ್ಣ ಉರಿ. ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಅಂದು ಹಾರಿಹೋಗಬೇಕು, ಅದೇ ಹದ. ಆಮೇಲೆ ತಣ್ಣಗಿನ ಬೇರಿಂಗ್ ಹಿಡಿದು ಬಿಟ್ಟರೆ ಟಕ್ ಅಂತ ತಾನೇ ಕೂತಿತು. ಅಕ್ಕ ಒಂದು ಮಾತೂ ಆಡಲಿಲ್ಲ. ಸಂಜೆ ಅಮೆಜಾನಿನಲ್ಲಿ ಹೊಸ ಹಂಚು ಹುಡುಕುತ್ತಿದ್ದಳು.

ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲನ್ನು, ನೋಡಲು ಚೆನ್ನಾಗಿದ್ದರೂ, ಹೊಸದೇ ಹಾಕಿದರು. ಕ್ಲಚ್ ಬದಿಯ ಸೀಲು ಬಿಟ್ಟರೆ ಟೂ ಸ್ಟ್ರೋಕ್ ಎಂಜಿನ್ನು ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಅಪ್ಪನ ಗಾಡಿ ಕೊನೆಕೊನೆಗೆ ಬೀದಿಯೆಲ್ಲ ಬಿಳಿ ಹೊಗೆ ಮಾಡುತ್ತಿತ್ತು ನೋಡು, ಪಿಸ್ಟನ್ ಹೋಗಿದೆ ಅಂತ ಎಲ್ಲರೂ ಅಂದರು. ನನಗೀಗ ಅದು ಈ ಸೀಲೇ ಇರಬೇಕು ಅನ್ನಿಸುತ್ತದೆ. ಕೇಸು ಮುಚ್ಚುವ ಮುನ್ನ ಶಾಫ್ಟನ್ನು ಕೈಯಲ್ಲೇ ತಿರುಗಿಸುತ್ತಾ ನಾಲ್ಕೂ ಗೇರ್ ಹಾಕಿ ತೆಗೆದು ನೋಡಿದರು. ಮುಚ್ಚಿದ ಮೇಲೆ ಶಾಫ್ಟು ಬಿಗಿಯಾಗಿತ್ತು. ಮತ್ತೆ ಬಿಚ್ಚಿ, ತೆಳು ಶಿಮ್ ಹಾಕಿ, ಮತ್ತೆ ಮುಚ್ಚಿದರು. ಬೈಗುಳ ಮರಾಠಿಯಲ್ಲಿತ್ತು, ನನಗೆ ಅರ್ಥವಾಗಲಿಲ್ಲ.

ನಿನ್ನೆ ಮಳೆ ಬಿಟ್ಟಾಗ ಚಾಂದನಿ ಚೌಕದ ಏರಿಗೆ ಕರೆದುಕೊಂಡು ಹೋದರು. ಹಿಂದೆ ನಾನು, ಅಂದರೆ ಭಾರಕ್ಕೆ ಕೊರತೆಯಿಲ್ಲ. ಎರಡನೇ ಗೇರಿನಲ್ಲಿ ಪೂರ್ತಿ ಎಳೆದರು, ನಡುವೆ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರು. ಗೇರು ಕದಲಲಿಲ್ಲ. ಇಳಿಯುವಾಗ ಎಡಗೈ ಹ್ಯಾಂಡಲ್ ಬಿಟ್ಟು ತೊಡೆಯ ಮೇಲಿಟ್ಟುಕೊಂಡು ಬರೀ ಕಾಲಲ್ಲಿ ಗೇರ್ ಬದಲಿಸಿದರು. ಜಾವಾದಲ್ಲಿ ಲಿವರ್ ಒತ್ತಿದ ಕೂಡಲೇ ಮೊದಲು ಕ್ಲಚ್ ಬಿಟ್ಟುಕೊಂಡು ಆಮೇಲೆ ಗೇರು ಹೊರಳುತ್ತದೆ. ಈ ಪವಾಡ ಅಪ್ಪ ಒಮ್ಮೆಯೂ ನಮಗೆ ತೋರಿಸಲಿಲ್ಲ, ಯಾಕೋ.

ಕ್ರೋಮ್ ಹೊಳಪಿಸಿ ಡ್ರಾಯಿಂಗ್ ರೂಮಿನಲ್ಲಿ ನಿಲ್ಲಿಸುವವರನ್ನೂ ಇಲ್ಲಿ ಕಂಡೆ. ಅವರ ಗಾಡಿಗಳ ಫೋಟೊ ಚೆಂದ, ಗೇರ್ ಹಾಕಿದರೆ ಕಿರುಚುತ್ತವೆ. ಗೇರ್‌ಬಾಕ್ಸಿಗೆ ಖರ್ಚು ಮಾಡಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಣ್ಣಕ್ಕಿಂತ ಅದನ್ನೇ ಮೊದಲು ಮಾಡಿಸಿದವನು ಗಾಡಿ ಬಲ್ಲವನು ಅಂತ ನನ್ನ ತೀರ್ಮಾನ.

ಈಗ ವಿಷಯಕ್ಕೆ ಬರುತ್ತೇನೆ. ಶೆಡ್ಡಿನಲ್ಲಿರುವ ಅಪ್ಪನ ಯೆಜ್ಡಿಯನ್ನು ಗುಜರಿಯವನಿಗೆ ಕೊಡೋಣ ಅಂತ ನೀನು ಹೇಳುತ್ತಿದ್ದೆ. ಅದು 1974ರದ್ದು, ಐವತ್ತು ವರ್ಷ ದಾಟಿದೆ. 2021ರ ಕೇಂದ್ರದ ನಿಯಮದಂತೆ ಐವತ್ತು ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಹೊಸದಾಗಿ ನೋಂದಣಿಯಾಗುವ ಗಾಡಿಯ ನಂಬರಿನ ನಡುವೆ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ, ನವೀಕರಣಕ್ಕೆ 5,000. ದಿನಾ ಓಡಿಸುವಂತಿಲ್ಲ, ಎಂಜಿನ್ನು, ಚಾಸಿ ಮೂಲದ್ದೇ ಇರಬೇಕು. ನಮ್ಮದರಲ್ಲಿ ಎರಡೂ ಮೂಲದ್ದೇ. ಖರ್ಚು ನಾನು ಹಾಕುತ್ತೇನೆ. ದಸರೆಗೆ ಭಾವ, ಅಕ್ಕ ಮೈಸೂರಿಗೆ ಬರುತ್ತಿದ್ದಾರೆ, ಎಂಜಿನ್ ಬಿಚ್ಚಲು ಬೇಕಾದ ಪುಲ್ಲರನ್ನೂ ಜತೆಗೇ ತರುತ್ತಾರೆ.

ಅಲ್ಲಿಯವರೆಗೆ ಯಾರಿಗೂ ಕಿಕ್ ಹೊಡೆಯಲು ಬಿಡಬೇಡ. ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ ಎಳೆದಾಡಿದರೆ ಗೀರು ಬೀಳುತ್ತದೆ. ಪ್ಲಗ್ ಬಿಚ್ಚಿ ತೂತಿನೊಳಗೆ ಒಂದಿಷ್ಟು ಟೂಟಿ ಆಯಿಲ್ ಬಿಟ್ಟು ಮುಚ್ಚಿಡು. ಆರ್.ಸಿ. ಪುಸ್ತಕ ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ, ಎಲ್.ಐ.ಸಿ. ಪತ್ರಗಳ ಜತೆ ಇರಬೇಕು. ಸಿಕ್ಕಿದರೆ ಎಂಜಿನ್ ನಂಬರ್, ಚಾಸಿ ನಂಬರ್ ಕಾಣುವಂತೆ ಫೋಟೊ ತೆಗೆದು ಈ ವಾರವೇ ಕಳಿಸು. ಗುಜರಿಯವನು ಬಂದರೆ ಮನೆಯಲ್ಲಿ ಹಳೇ ಪೇಪರ್ ಬಿಟ್ಟು ಇನ್ನೇನೂ ಇಲ್ಲ ಅಂತ ಹೇಳು.

ನಿನ್ನ ತಮ್ಮ