ಹೆಗಲು ಮುಟ್ಟಿ ನೋಡಿಕೊಂಡೆ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಾಯಿಯನ್ನು ಹೊತ್ತು ತಂದ ಹೆಗಲಿಗೆ ಬೂದಿ ಮೆತ್ತಿಕೊಂಡಿದೆಯೋ ಏನೋ ಎಂದು ಪಾಪ, ಅವನಿಗೆ ದಿಗಿಲು. ಒಂದು ವರ್ಷದಿಂದ ನಾನೂ ನನ್ನ ಬಲ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೇನೆ. ಮೊದಲಿಗೆ ನಾನೇನೂ ಕದ್ದಿರಲಿಲ್ಲ. ಆಮೇಲೆ ಕದ್ದೆ. ಏನನ್ನು ಎಂಬುದು ಮುಂದೆ ಬರುತ್ತದೆ. ಕಳ್ಳ ಮೊದಲೇ ಒಪ್ಪಿಕೊಂಡುಬಿಟ್ಟರೆ ವಿಚಾರಣೆಗೆ ಕೆಲಸವೇನು?

ನನ್ನ ಆಟ ಬಾಲ್ ಬ್ಯಾಡ್ಮಿಂಟನ್. ಈಗಿನ ಹುಡುಗರು ಬ್ಯಾಡ್ಮಿಂಟನ್ ಎಂದರೆ ಸೂರಿನ ಕೆಳಗೆ, ವಿದ್ಯುದ್ದೀಪದ ಬೆಳಕಿನಲ್ಲಿ ಆಡುವ ಪುಕ್ಕದ ಆಟವೆಂದು ತಿಳಿಯುತ್ತಾರೆ. ನಮ್ಮದು ಬಯಲಿನ ಆಟ. 24 ಮೀಟರ್ ಉದ್ದ, 12 ಮೀಟರ್ ಅಗಲದ ಅಂಗಣ, ನಡುವೆ ಬಲೆ, ಒಂದೊಂದು ಪಕ್ಕಕ್ಕೆ ಐದೈದು ಜನ, 30 ಗ್ರಾಂ ದಾಟದ ಹಳದಿ ಉಣ್ಣೆಯ ಚೆಂಡು. ಹತ್ತೊಂಬತ್ತನೆಯ ಶತಮಾನದಲ್ಲಿ ತಂಜಾವೂರಿನ ಅರಮನೆಯಲ್ಲಿ ಹುಟ್ಟಿದ ಆಟವಂತೆ. ಅರಮನೆ ಬಿಟ್ಟು ಬಂದ ಮೇಲೆ ಅದಕ್ಕೆ ಡೌಲು ಉಳಿಯಲಿಲ್ಲ. ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದರೆ ಆಯಿತು. ಅರಕಲಗೂಡಿನ ಹೈಸ್ಕೂಲು ಬಯಲಿನಲ್ಲಿ ಯಾರದೋ ಹಳೆಯ ರ‍್ಯಾಕೆಟ್ಟು ಬೇಡಿ ಪಡೆದು ನಾನು ಮೊದಲು ಆಡಿದೆ. ಸಂಜೆಯ ಇಬ್ಬನಿಗೆ ಚೆಂಡು ತೊಯ್ದು ಕಲ್ಲಿನಂತಾಗುವವರೆಗೆ ಆಡುತ್ತಿದ್ದೆವು. ಮುಂದೆ ನೌಕರಿ ಸಿಕ್ಕಿತು. ವರ್ಗದ ಹುಕುಂ ನನ್ನನ್ನು ಚನ್ನರಾಯಪಟ್ಟಣ, ಹೊಳೆನರಸೀಪುರ, ಕೊನೆಗೆ ಹಾಸನ ಎಂದು ತಿರುಗಿಸಿತು. ಹೊಸ ಊರಿಗೆ ಹೋದರೆ ಇತರರು ಬಾಡಿಗೆ ಮನೆ ಹುಡುಕುತ್ತಿದ್ದರು. ನಾನು ಮೊದಲು ಎರಡು ಕಂಬ ಹುಡುಕುತ್ತಿದ್ದೆ. ಮನೆಯನ್ನು ನನ್ನ ಹೆಂಡತಿ ಹುಡುಕುತ್ತಿದ್ದಳು.

ಅಂಗಣದಲ್ಲಿ ನಾನು ಹಿಂದಿನ ಸಾಲಿನವನು. ಎದುರು ಪಕ್ಷದವರು ಎತ್ತರಕ್ಕೆ ಹಾರಿಸಿದ ಚೆಂಡು ಇಳಿಯುತ್ತ ಬಂದಾಗ 'ನನ್ನದು!' ಎಂದು ಕೂಗಿ, ತೋಳನ್ನು ಕಿವಿಯ ಪಕ್ಕದಿಂದ ಬೀಸಿ ಬಾರಿಸುವುದು ನನ್ನ ಕಸುಬು. ಪಕ್ಕದವನ ಚೆಂಡಿಗೂ 'ನನ್ನದು' ಎಂದು ಕೂಗುತ್ತಿದ್ದೆನೆಂಬ ದೂರು ನಾಲ್ಕು ಊರುಗಳಲ್ಲೂ ಇತ್ತು. ನಲವತ್ತು ವರ್ಷ ಹೀಗೆ ಕೂಗಿದ ಹೆಗಲು ಅರವತ್ತು ದಾಟುವ ಹೊತ್ತಿಗೆ ಒಳಗೊಳಗೇ ಗೊಣಗತೊಡಗಿತ್ತು. ನಾನು ಕಿವಿಗೊಟ್ಟಿರಲಿಲ್ಲ.

ಆಟದಲ್ಲಿ ಗಾಯವಾಗಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ನನಗಾದದ್ದು ಬಸ್ಸಿನಲ್ಲಿ. ಚನ್ನರಾಯಪಟ್ಟಣದ ನೆಂಟರು ತೋಟದ ತೆಂಗಿನಕಾಯಿಯನ್ನು ಚೀಲ ತುಂಬ ಕೊಟ್ಟಿದ್ದರು. ಹಾಸನಕ್ಕೆ ಬರುವ ಬಸ್ಸಿನಲ್ಲಿ ಕೂರಲು ಜಾಗವಿಲ್ಲ. ಚೀಲವನ್ನು ಕಾಲ ಸಂದಿಯಲ್ಲಿಟ್ಟು, ಮೇಲಿನ ಸರಳನ್ನು ಬಲಗೈಯಿಂದ ಹಿಡಿದು ನಿಂತಿದ್ದೆ. ದಾರಿಗೆ ಅಡ್ಡವಾಗಿ ಒಂದು ಹಸು ಬಂತು. ಬಸ್ಸು ನಿಂತಿತು, ನಾನು ಮುಂದಕ್ಕೆ ಹೋದೆ, ಕೈ ಸರಳಿನಲ್ಲೇ ಉಳಿಯಿತು. ಹೆಗಲೊಳಗೆ ಹಳೆಯ ಬಟ್ಟೆ ಹರಿದಂತಹ ಒಂದು ಸದ್ದು. ಅದು ನನಗೊಬ್ಬನಿಗೇ ಕೇಳಿಸಿತು. ಉಳಿದವರಿಗೆಲ್ಲ ತೆಂಗಿನಕಾಯಿ ಉರುಳಿದ ಸದ್ದು ಕೇಳಿಸಿ, ಪುಣ್ಯಾತ್ಮರು ಒಂದೂ ಬಿಡದೆ ಆರಿಸಿಕೊಟ್ಟರು.

ಅಂದಿನಿಂದ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳಲಿಲ್ಲ. ಉಳುಕು ಎಂದರು ಅರಕಲಗೂಡಿನ ಬಂಧುಗಳು. ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡೆ. ಅಂಗಿಗಳು ಹಾಳಾದುವು, ಕೈ ಏಳಲಿಲ್ಲ. ಕೊನೆಗೆ ಹಾಸನದ ಶಸ್ತ್ರವೈದ್ಯರೊಬ್ಬರ ಮುಂದೆ ಕುಳಿತೆ. ಅವರು ಎಂ.ಆರ್.ಐ. ಚಿತ್ರವನ್ನು ಬೆಳಕಿಗೆ ಹಿಡಿದು ವಿವರಿಸಿದರು. ಹೆಗಲಿನ ಕೀಲೆಂದರೆ ಸಣ್ಣ ತಟ್ಟೆಯ ಮೇಲೆ ದೊಡ್ಡ ತೆಂಗಿನಕಾಯಿ ಕೂರಿಸಿದಂತೆ. ತಟ್ಟೆ ಚಿಕ್ಕದಾದ್ದರಿಂದಲೇ ಕೈಗೆ ಅಷ್ಟೊಂದು ಸ್ವಾತಂತ್ರ್ಯ. ಕಾಯಿ ಉರುಳದಂತೆ ನಾಲ್ಕು ಸ್ನಾಯುಗಳ ರಜ್ಜುಗಳು ಅದನ್ನು ಸುತ್ತ ತಬ್ಬಿ ಹಿಡಿದಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಅವುಗಳಲ್ಲಿ ಮೇಲಿನದು ಭುಜದ ಮೂಳೆಯ ಸೂರಿನಡಿ ನುಸುಳಿ ಬರುತ್ತದೆ. ನನ್ನದು ಹರಿದಿತ್ತು.

"ಹಸುವಿನ ತಪ್ಪೇನೂ ಇಲ್ಲ," ಎಂದರು ವೈದ್ಯರು. "ಬಾವಿಯ ಹಗ್ಗ ಒಂದು ದಿನದಲ್ಲಿ ಹರಿಯುತ್ತದೆಯೆ? ಎಳೆ ಎಳೆಯಾಗಿ ಸವೆದಿರುತ್ತದೆ. ಕೊನೆಯ ಕೊಡ ಎಳೆದವರ ಮೇಲೆ ಅಪವಾದ."

ಶಸ್ತ್ರಚಿಕಿತ್ಸೆಯನ್ನು ನಾನು ನೋಡಲಿಲ್ಲವಾಗಿ ವರ್ಣಿಸಲಾರೆ. ಬೀಗದ ಕೈ ತೂರುವಷ್ಟು ಸಣ್ಣ ರಂಧ್ರಗಳಿಂದ ದುರ್ಬೀನು ತೂರಿಸಿ, ಮೂಳೆಗೆ ಪುಟ್ಟ ಗೂಟಗಳನ್ನು ಹೊಡೆದು, ಅವಕ್ಕೆ ರಜ್ಜುವನ್ನು ದಾರದಿಂದ ಬಿಗಿದರಂತೆ; ಕೊಟ್ಟಿಗೆಯಲ್ಲಿ ಹಸು ಕಟ್ಟಿದ ಹಾಗೆ. ಅವರು ಹೇಳಿದ ಒಂದು ಮಾತನ್ನು ನಾನಾಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ: "ದಾರ ಹತ್ತಿರಕ್ಕೆ ತಂದು ಹಿಡಿದಿರುತ್ತದೆ, ಅಷ್ಟೆ. ಬೆಸೆಯಬೇಕಾದದ್ದು ನಿಮ್ಮ ಮೈ. ಅದಕ್ಕೆ ಮೂರು ತಿಂಗಳು ಬೇಕು. ನಿಮಗೆ ನೋವು ನಿಂತಿತೆಂದು ಅದಕ್ಕೆ ಬೆಸುಗೆ ಬಂದಿರುವುದಿಲ್ಲ."

ಆರು ವಾರ ಕೈ ಜೋಳಿಗೆಯಲ್ಲಿ. ಮಲಗಿದರೆ ನೋವು, ಆರಾಮಕುರ್ಚಿಯಲ್ಲಿ ಒರಗಿ ಕುಳಿತೇ ರಾತ್ರಿ ಕಳೆಯಬೇಕು. ಎಡಗೈ ಎಂಬುದು ನನಗೆ ಅದುವರೆಗೆ ಬರಿಯ ಜೊತೆಗಿರುವ ಅಂಗವಾಗಿತ್ತು. ಅದಕ್ಕೆ ಅನ್ನ ಕಲಸಲು ಬಾರದು, ಗುಂಡಿ ಹಾಕಲು ಬಾರದು. ನನಗೆ ಸ್ನಾನ ಮಾಡಿಸಿದವಳು, ತಲೆ ಬಾಚಿದವಳು, ಅಂಗಿಯ ತೋಳಿನೊಳಗೆ ಕೈಯನ್ನು ಹೂವಿನಂತೆ ತೂರಿಸಿದವಳು ನನ್ನ ಹೆಂಡತಿ. ರಾತ್ರಿ ನಾನು ನರಳಿದರೆ ಎದ್ದು ಬಂದು ಮೊಣಕೈಯಡಿಯ ದಿಂಬು ಸರಿಮಾಡಿ ಹೋಗುತ್ತಿದ್ದಳು. ಅವಳ ಮೊಣಕಾಲಿನ ನೋವು ಹತ್ತು ವರ್ಷದ್ದು. ಅದಕ್ಕೆ ಯಾರೂ ಚಿತ್ರ ತೆಗೆದು ಬೆಳಕಿಗೆ ಹಿಡಿದಿರಲಿಲ್ಲ.

ಕೈ ಕಟ್ಟಿ ಕುಳಿತವನಿಗೆ ಓದಲು ಪುರುಸೊತ್ತು. ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್ ಎಂಬ ಶಸ್ತ್ರವೈದ್ಯ 1909ರಲ್ಲೇ ಇಂತಹ ರಜ್ಜುವನ್ನು ಹೊಲಿದನೆಂದೂ, 1934ರಲ್ಲಿ ಭುಜ ಒಂದರ ಮೇಲೆಯೇ ದೊಡ್ಡ ಗ್ರಂಥ ಬರೆದನೆಂದೂ ತಿಳಿಯಿತು. ನನಗೆ ಹೇಳಿಕೊಟ್ಟ ಮೊದಲ ವ್ಯಾಯಾಮಕ್ಕೂ ಅವನದೇ ಹೆಸರು. ಸೊಂಟ ಬಗ್ಗಿಸಿ, ಒಂದು ಕೈಯಿಂದ ಮೇಜು ಹಿಡಿದು, ಹೊಲಿದ ಕೈಯನ್ನು ಗಡಿಯಾರದ ಲೋಲಕದಂತೆ ಜೋತುಬಿಡುವುದು. ಬೀಸಬಾರದು, ಮೈ ತೂಗಿದಾಗ ಅದು ತಾನಾಗಿ ತೂಗಬೇಕು. ನಲವತ್ತು ವರ್ಷ ಬೀಸುವುದನ್ನು ಕಲಿತವನಿಗೆ ಸುಮ್ಮನೆ ಜೋತುಬಿಡುವುದು ಎಷ್ಟು ಕಷ್ಟವೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಜೋಳಿಗೆ ಕಳಚಿದ ಮೇಲೆ ಗೋಡೆಯ ಪಾಠ. ಅಡಿಗೆಮನೆಯ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡನಂತೆ ಮೇಲಕ್ಕೆ ಹತ್ತಿಸುವುದು. ಎಲ್ಲಿಗೆ ನಿಂತಿತೋ ಅಲ್ಲಿ ನನ್ನ ಹೆಂಡತಿ ಸೀಸದಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯುತ್ತಿದ್ದಳು. ಮಕ್ಕಳು ಚಿಕ್ಕವರಿದ್ದಾಗ ಅವರ ಎತ್ತರ ಗುರುತು ಹಾಕುತ್ತಿದ್ದ ಹಾಗೆಯೇ. ವಾರಕ್ಕೊಂದು ಗೆರೆ, ಎರಡು ಬೆರಳು ಮೇಲೆ.

ಏಳನೆಯ ವಾರ ಚನ್ನರಾಯಪಟ್ಟಣಕ್ಕೆ ಹೋದವರು ಅಲ್ಲಿಂದ ಶ್ರವಣಬೆಳಗೊಳಕ್ಕೆ ಹೋದೆವು. ಕೈಗೆ ನಿಷೇಧ, ಕಾಲಿಗಿಲ್ಲವಲ್ಲ. ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ನಾನು ಹತ್ತಿದೆ. ಮೊಣಕಾಲಿನವಳು ಕೆಳಗೆ ಕುಳಿತಳು. ಬಾಹುಬಲಿಯನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆ ದಿನ ನೋಡಿದ್ದು ಮುಖವನ್ನಲ್ಲ, ತೋಳುಗಳನ್ನು. ಮಲ್ಲಯುದ್ಧದಲ್ಲಿ ಚಕ್ರವರ್ತಿ ಅಣ್ಣನನ್ನು ಎತ್ತಿ ಹಿಡಿದ ತೋಳುಗಳು, ಹೆಸರೇ ಬಾಹುಬಲಿ. ಆ ತೋಳುಗಳನ್ನು ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ್ದು ಹೇಗೆ? ಎರಡೂ ಪಕ್ಕಕ್ಕೆ ನೇರವಾಗಿ ಜೋತುಬಿಟ್ಟ ಹಾಗೆ. ಬಳ್ಳಿ ತೋಳಿನ ತನಕ ಹಬ್ಬಿದರೂ ಕೊಡವಿಲ್ಲ. ನನಗೆ ಜ್ಞಾನೋದಯವಾದಂತಾಯಿತು. ಇನ್ನು ಆಟದ ಹಂಬಲವೇ ಇಲ್ಲವೆಂದುಕೊಂಡು ಮೆಟ್ಟಿಲಿಳಿದೆ. ಆ ಜ್ಞಾನ ನಾಲ್ಕು ವಾರ ಬಾಳಿತು.

ಹನ್ನೊಂದನೆಯ ವಾರ ಹೊಳೆನರಸೀಪುರದಲ್ಲಿ ಒಂದು ಮದುವೆ. ನೋವು ಸಂಪೂರ್ಣವಾಗಿ ನಿಂತುಹೋಗಿತ್ತು. ಸಂಜೆ ಛತ್ರದಲ್ಲಿ ಹೆಂಗಸರು ಮಾತಿಗೆ ಕುಳಿತಾಗ ನಾನು ಗಾಳಿ ಸೇವನೆಗೆಂದು ಹೇಮಾವತಿಯ ಕಡೆ ಹೊರಟೆ. ಕಾಲುಗಳು ನದಿಗೆ ಹೋಗಲಿಲ್ಲ. ಹಳೆಯ ಬಯಲಿಗೆ ಹೋದುವು. ಆಡುತ್ತಿದ್ದವರಲ್ಲಿ ಇಬ್ಬರು ನನ್ನ ಕಾಲದವರೇ. ಕುಶಲಪ್ರಶ್ನೆ ಆಯಿತು. "ನಮ್ಮ ಜಿಲ್ಲೆಯ ಹೆಸರು ಹೊತ್ತ ಶ್ರೀನಾಥನನ್ನು ನೋಡಿ!" ಎಂದ ಒಬ್ಬ. ಮಾತು ನಿಜವೇ. ಜಾವಗಲ್ ಶ್ರೀನಾಥ್ ಮೈಸೂರಿನವರಾದರೂ ಜಾವಗಲ್ಲು ನಮ್ಮ ಅರಸೀಕೆರೆ ತಾಲ್ಲೂಕಿನದು. ವೇಗದ ಬೌಲರಿಗೆ ಹೆಗಲೇ ಬಂಡವಾಳ. 1997ರಲ್ಲಿ ಅವರದೂ ಹರಿದು ಶಸ್ತ್ರಚಿಕಿತ್ಸೆಯಾಯಿತು. ಮುಗಿಯಿತು ಎಂದವರಿದ್ದರು. 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಎದುರು ಅದೇ ಹೆಗಲಿನಿಂದ 13 ವಿಕೆಟ್ ತೆಗೆದರು; ಎರಡನೆಯ ಸರದಿಯ 86ಕ್ಕೆ 8 ಅವರ ಟೆಸ್ಟ್ ಬಾಳಿನಲ್ಲೇ ಅತ್ಯುತ್ತಮ. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ, ಅವರು ವೈದ್ಯರು ಹೇಳಿದಷ್ಟು ದಿನ ಕಾದಿದ್ದರು ಎಂಬ ಎರಡು ಸಣ್ಣ ವಿಷಯಗಳು ಆ ಸಂಜೆ ನಮ್ಮ ಯಾರ ನೆನಪಿಗೂ ಬರಲಿಲ್ಲ.

"ಬರೀ ಸರ್ವಿಸ್ ಮಾಡಿ," ಎಂದು ರ‍್ಯಾಕೆಟ್ಟು ಕೊಟ್ಟರು. ನಮ್ಮ ಆಟದಲ್ಲಿ ಸರ್ವಿಸ್ ಸೊಂಟದ ಕೆಳಗಿನಿಂದ. ಹೆಗಲಿಗೆ ಕೆಲಸವಿಲ್ಲ ಎಂದು ನಾನೇ ನನಗೆ ತೀರ್ಪು ಕೊಟ್ಟುಕೊಂಡೆ. ನಾಲ್ಕು ಚೆಂಡು ಹಾಗೇ ಹೋಯಿತು. ಐದನೆಯದನ್ನು ಆ ಕಡೆಯವನು ಎತ್ತರಕ್ಕೆ ಹಾರಿಸಿದ. ಮುಳುಗುವ ಸೂರ್ಯನ ಬೆಳಕಿನಲ್ಲಿ ಅದು ಮಾಗಿದ ನಿಂಬೆಯಂತೆ ನನ್ನ ತಲೆಯ ಮೇಲೆಯೇ ಇಳಿಯುತ್ತ ಬಂತು. 'ನನ್ನದು!' ಎಂದು ಯಾರೋ ಕೂಗಿದರು. ಕೂಗಿದವನು ನಾನೇ. ಬಾರಿಸಿದ್ದೂ ಆಯಿತು, ಅಂಕ ಬಂದದ್ದೂ ಆಯಿತು, ಸುತ್ತ ಚಪ್ಪಾಳೆಯೂ ಆಯಿತು. ಹೆಗಲೊಳಗೆ ಬೆಂಕಿಯ ಕಡ್ಡಿ ಗೀರಿದಂತಾಗಿ ನಾನು ನಗುತ್ತಲೇ ರ‍್ಯಾಕೆಟ್ಟನ್ನು ಎಡಗೈಗೆ ಬದಲಾಯಿಸಿದೆ. ಊಟದ ಪಂಕ್ತಿಯಲ್ಲಿ ಹಸಿವಿಲ್ಲವೆಂದೆ. ರಾತ್ರಿ ಹಾಸನಕ್ಕೆ ಬಂದು ನರಳದೆ ಮಲಗಿದೆ. ನರಳಿದರೆ ಅವಳು ಎದ್ದು ಬರುತ್ತಾಳಲ್ಲ.

ಬೆಳಿಗ್ಗೆ ಗೋಡೆಯ ಮುಂದೆ ನಿಂತೆವು. ಐದು ವಾರದ ಐದು ಗೆರೆ ಎದುರಿಗಿದ್ದುವು. ಬೆರಳುಗಳು ಹತ್ತಿದುವು, ಹತ್ತಿದುವು, ಎರಡನೆಯ ಗೆರೆಯ ಹತ್ತಿರ ನಿಂತುವು. ಅವಳ ಕೈಯಲ್ಲಿ ಸೀಸದಕಡ್ಡಿ.

"ನಿನ್ನೆ ಆಡಿದಿರಾ?" ಎಂದಳು.

ನನ್ನ ಎಡಗೈ ತಾನಾಗಿ ಹೋಗಿ ಬಲ ಹೆಗಲನ್ನು ಮುಟ್ಟಿ ನೋಡಿಕೊಂಡಿತು. ಗಾದೆ ಮಾಡಿದ ಹಿರಿಯರು ಮನುಷ್ಯರನ್ನು ಬಲ್ಲವರು.

ಅವಳು ಕೂಗಾಡಲಿಲ್ಲ. ನಿಂತ ಕಡೆಗೆ ಗೆರೆ ಎಳೆದು, ಎಂದಿನಂತೆ ತಾರೀಖು ಬರೆದು, ಕಾಫಿ ಮಾಡಲು ಹೋದಳು. ಆಮೇಲೆ ನನ್ನ ತಲೆ ಬಾಚುತ್ತಿದ್ದಾಗ, ನನಗೆ ಮುಖ ಕಾಣದ ಹಾಗೆ ಹಿಂದೆ ನಿಂತು, ಒಂದೇ ಮಾತು ಹೇಳಿದಳು: "ಆ ಹೊಲಿಗೆಯೊಳಗೆ ನನ್ನ ಹನ್ನೊಂದು ವಾರವೂ ಇತ್ತು."

ಹೆಗಲು ನನ್ನದು, ನೋವು ನನ್ನದು, ಆಡಿ ಕೆಡಿಸಿಕೊಂಡರೆ ನಷ್ಟವೂ ನನ್ನದೇ ಎಂದು ನಾನು ತಿಳಿದಿದ್ದೆ. ಅಲ್ಲವೆಂದು ಆಗ ಗೊತ್ತಾಯಿತು. ದಿಂಬು ಸರಿಮಾಡಲು ಎದ್ದ ಆ ಅರ್ಧರಾತ್ರಿಗಳು, ನೋವಿನ ಕಾಲಿನಲ್ಲಿ ಹೊತ್ತು ತಂದ ಬಿಸಿನೀರು, ಎಳೆದ ಗೆರೆಗಳು: ಇವನ್ನು ನಾನು ಒಂದು ಅಂಕಕ್ಕೆ ಮಾರಿ ಬಂದಿದ್ದೆ. ಇದೇ ನಾನು ಕದ್ದದ್ದು. ಕುಂಬಳಕಾಯಿಯಾಗಿದ್ದರೆ ಬೆಲೆ ಕಟ್ಟಿ ಕೊಟ್ಟುಬಿಡಬಹುದಾಗಿತ್ತು.

ವೈದ್ಯರು ಮತ್ತೆ ಚಿತ್ರ ತೆಗೆಸಿದರು. ಆ ಎರಡು ದಿನ ಮನೆಯಲ್ಲಿ ಮಾತು ಕಡಮೆಯಾಗಿತ್ತು. ಗೂಟ ಕಿತ್ತಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಸುತ್ತ ಊದಿಕೊಂಡಿತ್ತು, ಅಷ್ಟೆ. ನಾಲ್ಕು ವಾರ ಹಿಂದಕ್ಕೆ ಹೋಗಿ ಮತ್ತೆ ಮೊದಲಿನ ಪಾಠ. ಈ ಸಲ ಲೋಲಕ ಚೆನ್ನಾಗಿ ತೂಗಿತು.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ತೆರೆಯುತ್ತದೆ. ನನಗೂ ಅಪ್ಪಣೆಯಾದದ್ದು ಅದೇ ಹೊತ್ತಿಗೆ, ಒಂಬತ್ತನೆಯ ತಿಂಗಳಲ್ಲಿ. ನನ್ನ ಹೆಂಡತಿ ಜೊತೆಗೆ ಬಂದು ಬಯಲಿನ ಅಂಚಿನ ಕಲ್ಲಿನ ಮೇಲೆ ಕುಳಿತಳು. ನಲವತ್ತು ವರ್ಷದಲ್ಲಿ ಅವಳು ನನ್ನ ಆಟ ನೋಡಿದ್ದು ಅದೇ ಮೊದಲು. ಹಿಂದೆ 29 ಅಂಕಕ್ಕೆ ಮುಗಿಯುತ್ತಿದ್ದ ಆಟ ಈಗ 35ಕ್ಕೆ ಬೆಳೆದಿದೆ. ವಯಸ್ಸಾದವರ ಮೇಲೆ ಯಾರಿಗೂ ಕರುಣೆಯಿಲ್ಲ. ನಾನೀಗ ಮುಂದಿನ ಸಾಲಿನಲ್ಲಿ, ಬಲೆಯ ಹತ್ತಿರ ನಿಲ್ಲುತ್ತೇನೆ. ಕೆಳಗಿನ ಚೆಂಡು ನನ್ನದು. ತಲೆಯ ಮೇಲೆ ಹಾರುವುದನ್ನು ಹಿಂದಿರುವ ಕಾಲೇಜು ಹುಡುಗನಿಗೆ ಬಿಡುತ್ತೇನೆ. 'ನಿನ್ನದು!' ಎಂದು ಕೂಗುವುದು ಮೊದಮೊದಲು ನಾಲಗೆಗೆ ಬರಲಿಲ್ಲ, ಈಗ ರೂಢಿಯಾಗಿದೆ. ಹುಡುಗ ಬಾರಿಸಿದ ಸದ್ದು ಬೆನ್ನ ಹಿಂದಿನಿಂದ ಕೇಳಲು ಚೆನ್ನಾಗಿಯೇ ಇರುತ್ತದೆ.

ಮೊನ್ನೆ ಅಡಿಗೆಮನೆಯ ಮೇಲಿನ ಹಲಗೆಯಿಂದ ಅವಳಿಗೆ ಏಲಕ್ಕಿಯ ಡಬ್ಬಿ ಬೇಕಾಯಿತು. ನಾನು ಬಲಗೈ ಎತ್ತಿದೆ. ಗೋಡೆಯ ಗೆರೆಗಳನ್ನೆಲ್ಲ ಒಂದೊಂದಾಗಿ ದಾಟಿ ಅದು ಮೇಲಕ್ಕೆ ಹೋಗಿ ಡಬ್ಬಿಯನ್ನು ಹಿಡಿಯಿತು. ಇಳಿಸುವಾಗ ಕೆಳಗೆ ನೋಡಿದೆ. ಅವಳು ಎರಡೂ ಕೈಗಳನ್ನು ಚಾಚಿ, ಡಬ್ಬಿಗೋ ನನ್ನ ತೋಳಿಗೋ ಆಸರೆಯಾಗುವ ಹಾಗೆ ನಿಂತಿದ್ದಳು.